ಜಾಜಿಯ ವಾಸನೆಗೆ ಎಚ್ಚೆತ್ತ ಕೋಶಗಳು

ಸ್ತನದ ಅಥವಾ ಅಂಡಾಶಯದ ಕ್ಯಾನ್ಸರ್‌ಗೆ ಕೀಮೋ ತಗೊಂಡವರು ನಿಮಗೆ ಗೊತ್ತಿದ್ದರೆ, ಟ್ಯಾಕ್ಸಾಲ್ ಅನ್ನೋ ಹೆಸರು ಕೇಳಿರ್ತೀರಿ. ಈ ಔಷಧಿ ಮೊದಲು ಸಿಕ್ಕಿದ್ದು ಒಂದು ಮರದ ತೊಗಟೆಯಲ್ಲಿ. ಅದು ಎಲ್ಲ ರೋಗಿಗಳಿಗೂ ಸಿಗಬೇಕಾದರೆ, ಮರದ ಮೇಲಿನ ಅವಲಂಬನೆ ತಪ್ಪಬೇಕಿತ್ತು. ಇವತ್ತು ಆ ಕಥೆ ಹೇಳ್ತೀನಿ.

1962ರಲ್ಲಿ ಅಮೆರಿಕದ ಕೃಷಿ ಇಲಾಖೆಯ ಆರ್ಥರ್ ಬಾರ್ಕ್ಲೆ, ವಾಷಿಂಗ್ಟನ್ ರಾಜ್ಯದ ಕಾಡಿನಿಂದ ಪೆಸಿಫಿಕ್ ಯೂ ಎಂಬ ಮರದ ತೊಗಟೆ ತಂದರು. ಗಿಡಮರಗಳಲ್ಲಿ ಕ್ಯಾನ್ಸರ್ ಮದ್ದು ಹುಡುಕುವ ಸರ್ಕಾರಿ ಯೋಜನೆ ಅದು. ನಾರ್ತ್ ಕೆರೊಲಿನಾದಲ್ಲಿ ಮನ್ರೋ ವಾಲ್ ಮತ್ತು ಮನ್ಸುಖ್ ವಾಣಿ ಆ ತೊಗಟೆಯಿಂದ ಮದ್ದಿನ ಅಂಶವನ್ನು ಬೇರ್ಪಡಿಸಿ, 1971ರಲ್ಲಿ ಅದರ ರಚನೆಯನ್ನು ಪ್ರಕಟಿಸಿದರು. ಈ ವಾಣಿ ಮಹಾರಾಷ್ಟ್ರದ ನಂದುರ್ಬಾರ್‌ನಲ್ಲಿ ಹುಟ್ಟಿ, ಮುಂದೆ ಓದಲು ಅಮೆರಿಕಕ್ಕೆ ಬಂದವರು. ನಿಮ್ಮಲ್ಲಿ ಎಷ್ಟೋ ಜನರ ಅಪ್ಪ ಅಮ್ಮನ ಹಾಗೆಯೇ! ಕ್ಯಾನ್ಸರ್ ಕೋಶ ಎರಡಾಗಿ ಒಡೆಯುವುದನ್ನು ಈ ಮದ್ದು ಹೇಗೆ ತಡೆಯುತ್ತದೆ ಅಂತ 1979ರಲ್ಲಿ ಸೂಸನ್ ಹಾರ್ವಿಟ್ಜ್ ತೋರಿಸಿದರು. 1992ರ ಕೊನೆಗೆ ಅಮೆರಿಕದಲ್ಲಿ ಮಾರಾಟಕ್ಕೆ ಒಪ್ಪಿಗೆಯೂ ಸಿಕ್ಕಿತು.

ಆದರೆ ಲೆಕ್ಕ ನೋಡಿ. ಒಂದು ಕಿಲೋ ಮದ್ದಿಗೆ ಸುಮಾರು 10,000 ಕಿಲೋ ತೊಗಟೆ ಬೇಕು. ಯೂ ಮರ ಬೆಳೆಯೋದು ಬಹಳ ನಿಧಾನ. ತೊಗಟೆ ಸುಲಿದರೆ ಸತ್ತೇ ಹೋಗುತ್ತದೆ. ರೋಗಿಯನ್ನು ಉಳಿಸಬೇಕೋ, ಕಾಡನ್ನೋ?

ಫ್ರಾನ್ಸಿನ ಪಿಯರ್ ಪೋಟಿಯೆ ಒಂದು ದಾರಿ ತೋರಿಸಿದರು. ಯುರೋಪಿನ ಯೂ ಮರದ ಎಲೆಯಲ್ಲಿ ಇದಕ್ಕೆ ಹತ್ತಿರದ ವಸ್ತುವಿದೆ, ಅದರಿಂದ ಮದ್ದು ತಯಾರಿಸಬಹುದು. ಎಲೆ ಕಿತ್ತರೆ ಮತ್ತೆ ಚಿಗುರುತ್ತದೆ. ಇನ್ನೊಂದು ದಾರಿ ಅಂಗಾಂಶ ಕೃಷಿ. ಮರದ ಒಂದು ಚೂರನ್ನು ತಂದು, ಸಕ್ಕರೆ, ಲವಣ, ಹಾರ್ಮೋನು ಕೊಟ್ಟು, ಕೋಶಗಳನ್ನು ದ್ರವದಲ್ಲೇ ಬೆಳೆಸೋದು.

ಕೋಶಗಳೇನೋ ಬೆಳೆದವು, ಆದರೆ ಮದ್ದು ತೀರಾ ಕಡಿಮೆ. ಯಾಕೆ? ಇಂಥ ವಸ್ತುಗಳನ್ನು ಗಿಡ ಹೆಚ್ಚಾಗಿ ತಯಾರಿಸುವುದು ತನ್ನ ರಕ್ಷಣೆಗೆ. ಹೊಟ್ಟೆ ತುಂಬ ಊಟ ಇದೆ, ಕಚ್ಚುವ ಹುಳವಿಲ್ಲ. ಮತ್ತೆ ಕತ್ತಿ ಮಸೆಯೋದ್ಯಾಕೆ?

ಇಲ್ಲಿ ಜಾಜಿ ಬರುತ್ತದೆ. ಜಾಜಿ ಹೂವಿನ ಎಣ್ಣೆಯಲ್ಲಿ ಮೀಥೈಲ್ ಜಾಸ್ಮೊನೇಟ್ ಎಂಬ ಪರಿಮಳದ ವಸ್ತುವಿದೆ. ನಮ್ಮ ಮೂಗಿಗೆ ಅದು ಸುವಾಸನೆ. ಗಿಡಗಳಿಗೆ ಅಪಾಯದ ಗಂಟೆ. ಇದರ ಆವಿ ತಗುಲಿದರೆ ಸಾಕು, ಟೊಮೆಟೊ ಗಿಡ ಗಾಯವಿಲ್ಲದೆಯೂ ಹುಳಗಳ ವಿರುದ್ಧ ಸಜ್ಜಾಗುತ್ತದೆ ಅಂತ 1990ರಲ್ಲಿ ಫಾರ್ಮರ್ ಮತ್ತು ರಯಾನ್ ತೋರಿಸಿದರು. 1996ರಲ್ಲಿ ಜಪಾನಿನ ಸಂಶೋಧಕರು ಇದನ್ನೇ ಯೂ ಕೋಶಗಳಿಗೆ ಕೊಟ್ಟರು. ಎರಡು ವಾರದಲ್ಲಿ ಲೀಟರಿಗೆ ಸುಮಾರು 110 ಮಿಲಿಗ್ರಾಂ ಟ್ಯಾಕ್ಸಾಲ್! ಆದರೆ ಹೆದರಿದ ಕೋಶ ಬೆಳೆಯೋದನ್ನು ಕಡಿಮೆ ಮಾಡುತ್ತದೆ. ಹಾಗಾಗಿ ಮೊದಲು ಚೆನ್ನಾಗಿ ಬೆಳೆಸಬೇಕು, ಆಮೇಲೆ ಗಂಟೆ ಬಾರಿಸಬೇಕು.

ಮುಂದೆ ಜರ್ಮನಿಯ ದೊಡ್ಡ ಟ್ಯಾಂಕುಗಳಲ್ಲಿ ಯೂ ಕೋಶಗಳು ಬೆಳೆದವು. ಈ ವಿಧಾನಕ್ಕೆ ಬದಲಾದ ಬ್ರಿಸ್ಟಲ್-ಮೈಯರ್ಸ್ ಸ್ಕ್ವಿಬ್ ಕಂಪನಿಗೆ 2004ರಲ್ಲಿ ಅಮೆರಿಕದ ಹಸಿರು ರಸಾಯನಶಾಸ್ತ್ರ ಪ್ರಶಸ್ತಿ ಬಂತು.

ಈ ಪಾಠ ನಮ್ಮ ಪಶ್ಚಿಮ ಘಟ್ಟಕ್ಕೂ ಬೇಕು. ಅದೇ ವಾಲ್ ಮತ್ತು ವಾಣಿ ಚೀನಾದ ಮರವೊಂದರಲ್ಲಿ ಕಂಡುಹಿಡಿದ ಕ್ಯಾಂಪ್ಟೊಥೆಸಿನ್, ಘಟ್ಟದ ಒಂದು ಸಣ್ಣ ಮರದಲ್ಲೂ ಇದೆ. ಅದಕ್ಕಾಗಿಯೇ ಆ ಮರಗಳನ್ನು ಕಡಿಯುತ್ತಾ ಬಂದಿದ್ದಾರೆ. ಅದರ ಕೋಶಗಳನ್ನೂ ಪ್ರಯೋಗಾಲಯದಲ್ಲಿ ಬೆಳೆಸಿದ್ದಾರೆ. ಕಾಡಿನ ಮರ ಉಳಿಯಬೇಕಾದರೆ, ಆ ಕೋಶಗಳನ್ನು ಯಾವ ಗಂಟೆ ಎಬ್ಬಿಸುತ್ತದೆ ಅಂತ ಕಂಡುಕೊಳ್ಳಬೇಕು.