ಕೊಳವೆಯಾದ ಚರ್ಮ

ಶಾಂಘೈನ ಶಸ್ತ್ರವೈದ್ಯರಾದ ಚಾಂಗ್ ಮತ್ತು ಹ್ವಾಂಗ್ 1984ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಮುಂದೋಳಿನ ಚರ್ಮ ಬಳಸಿ ಒಂದೇ ಹಂತದಲ್ಲಿ ಶಿಶ್ನವನ್ನು ಮರುರಚಿಸುವ ಬಗೆ ಅದರಲ್ಲಿದೆ. ಇಷ್ಟು ಪಳಗಿದ ವಿಧಾನಕ್ಕೆ ಹಿಂದೆ ಯಾರೋ ದಾರಿ ಸವೆಸಿರಲೇಬೇಕು ಅನ್ನಿಸಿ ಹಳೆಯ ದಾಖಲೆಗಳತ್ತ ಹೊರಳಿದೆ.

ಮೊದಲು ಸಿಕ್ಕವರು ರಷ್ಯಾದ ನಿಕೊಲಾಯ್ ಬೊಗೊರಾಜ್. ಹೊಟ್ಟೆಯ ಚರ್ಮವನ್ನು ಕೊಳವೆಯಾಗಿ ಹೊಲಿದು, ಬಿಗಿತಕ್ಕೆಂದು ಒಳಗೆ ಪಕ್ಕೆಲುಬಿನ ಮೃದ್ವಸ್ಥಿ ಇಟ್ಟು ಪೂರ್ಣ ಅಂಗವನ್ನು ರಚಿಸಿದ್ದನ್ನು ಅವರು 1936ರಲ್ಲಿ ಜರ್ಮನ್ ವೈದ್ಯಪತ್ರಿಕೆಯಲ್ಲಿ ಬರೆದರು. ಅದರಲ್ಲಿ ಮೂತ್ರನಾಳ ಇರಲಿಲ್ಲ. ಟ್ರಾಮ್ ಅಪಘಾತದಲ್ಲಿ ಎರಡೂ ಕಾಲು ಕಳೆದುಕೊಂಡು, ಕೃತಕ ಕಾಲುಗಳ ಮೇಲೆ ನಿಂತೇ ಶಸ್ತ್ರಚಿಕಿತ್ಸೆ ಮುಂದುವರಿಸಿದ ವೈದ್ಯರವರು. ಅಂಗ ಕಳೆದುಕೊಂಡವರ ಸಂಕಟ ಅವರಿಗೆ ಪುಸ್ತಕದಿಂದ ತಿಳಿಯಬೇಕಿರಲಿಲ್ಲ.

ಹಾಗಾದರೆ ಕೊಳವೆಯ ಯೋಚನೆ ಯಾರದು? ಒಡೆಸ್ಸಾದ ಕಣ್ಣಿನ ವೈದ್ಯ ಫಿಲಾಟೊವ್ 1916ರಲ್ಲಿ ರೆಪ್ಪೆಯ ಮರುರಚನೆಗೆ ಅದನ್ನು ಬಳಸಿದ್ದರು. ಮರುವರ್ಷ ಇಂಗ್ಲೆಂಡಿನಲ್ಲಿ ಹೆರಾಲ್ಡ್ ಗಿಲ್ಲಿಸ್, ಯುದ್ಧದಲ್ಲಿ ಮುಖ ಸುಟ್ಟುಕೊಂಡಿದ್ದ ನಾವಿಕನೊಬ್ಬನ ಎದೆಯಿಂದ ಎಬ್ಬಿಸಿದ ಚರ್ಮದ ಅಂಚುಗಳು ತಾವಾಗಿ ಒಳಮುಖ ಸುರುಳಿಗೊಳ್ಳುವುದನ್ನು ಕಂಡು, ಹಾಗೆಯೇ ಸೇರಿಸಿ ಹೊಲಿದರು. ಒಬ್ಬರ ಕೆಲಸ ಇನ್ನೊಬ್ಬರಿಗೆ ಗೊತ್ತಿರಲಿಲ್ಲ. ಕೊಳವೆಯಾದ ಚರ್ಮಕ್ಕೆ ಸೋಂಕು ತಗಲುವುದು ಕಡಿಮೆ, ಒಳಗಿನ ರಕ್ತಸಂಚಾರವೂ ಉಳಿಯುತ್ತದೆ. ಮುಂದಿನದೆಲ್ಲ ನಿಂತಿರುವುದು ಇದರ ಮೇಲೆ.

ಇದೇ ಗಿಲ್ಲಿಸ್ 1946ರಿಂದ 1949ರವರೆಗೆ, ಹೆಣ್ಣಾಗಿ ಹುಟ್ಟಿ ಗಂಡಾಗಿ ಬದುಕುತ್ತಿದ್ದ ಮೈಕಲ್ ಡಿಲ್ಲನ್‌ಗೆ ಹಂತಹಂತವಾಗಿ ಶಿಶ್ನ ರಚಿಸಿದರು. ಆಸ್ಪತ್ರೆಯ ದಾಖಲೆಯಲ್ಲಿ ಕಾರಣ ಬೇರೆಯೇ ಇದೆ: ಮೂತ್ರದ್ವಾರದ ಜನ್ಮಜಾತ ದೋಷ. ರೋಗಿಯ ಮಾನ ಕಾಯಲು ಬರೆದ ಸುಳ್ಳು ಅದು, ನನಗೆ ಅದರ ಬಗ್ಗೆ ಗೌರವವಿದೆ. ಡಿಲ್ಲನ್ ಮುಂದೆ ಬೌದ್ಧ ಸಾಧಕರಾಗಿ ಭಾರತಕ್ಕೆ ಬಂದು, 1962ರಲ್ಲಿ ಡಾಲ್‌ಹೌಸಿಯಲ್ಲಿ ತೀರಿಕೊಂಡರು.

ಗಿಲ್ಲಿಸ್‌ಗೆ ವರ್ಷಗಳು ಹಿಡಿದದ್ದು ಚೀನೀಯರಿಗೆ ಒಮ್ಮೆಲೇ ಸಾಧ್ಯವಾದದ್ದು ಸೂಕ್ಷ್ಮದರ್ಶಕದಿಂದ. ಮುಂದೋಳಿನ ಚರ್ಮವನ್ನು ರೇಡಿಯಲ್ ಅಪಧಮನಿ, ಅಭಿಧಮನಿ, ನರಗಳ ಸಮೇತ ಬಿಡಿಸುತ್ತಾರೆ. ಕಿರುಬೆರಳ ಕಡೆಯ, ಕೂದಲು ಕಡಿಮೆಯಿರುವ ಭಾಗ ಒಳಕ್ಕೆ ಸುತ್ತಿ ಮೂತ್ರನಾಳವಾಗುತ್ತದೆ; ಉಳಿದದ್ದು ಅದರ ಸುತ್ತ ಹೊರಕೊಳವೆ. ಆಮೇಲೆ ಕೂದಲೆಳೆಯಂಥ ದಾರದಿಂದ ರಕ್ತನಾಳಗಳನ್ನೂ ನರಗಳನ್ನೂ ತೊಡೆಸಂದಿನವುಗಳಿಗೆ ಜೋಡಿಸುತ್ತಾರೆ. ನರ ಕೂಡಿಕೊಂಡರೆ ಸ್ಪರ್ಶಜ್ಞಾನವೂ ಬರುತ್ತದೆ. ಇದಕ್ಕೆ ಮೊದಲು ಒಂದು ಪರೀಕ್ಷೆ ಕಡ್ಡಾಯ: ಮಣಿಕಟ್ಟಿನ ಎರಡೂ ಅಪಧಮನಿಗಳನ್ನು ಒತ್ತಿಹಿಡಿದು, ಕಿರುಬೆರಳ ಕಡೆಯದನ್ನು ಮಾತ್ರ ಬಿಟ್ಟಾಗ ಬಿಳಿಚಿದ ಅಂಗೈ ಮತ್ತೆ ಕೆಂಪೇರಬೇಕು. ಏರದಿದ್ದರೆ ಆ ಕೈಯನ್ನು ಮುಟ್ಟುವಂತಿಲ್ಲ.

ಮುಂದೋಳಿನ ಮೇಲೆ ದೊಡ್ಡ ಕಲೆ ಉಳಿಯುತ್ತದೆ. ಮೂತ್ರನಾಳ ಸೋರುವುದು, ಕಿರಿದಾಗುವುದು ಇಂದಿಗೂ ಕಾಡುವ ತೊಂದರೆ. ಆದರೂ ಕ್ಯಾನ್ಸರಿನಿಂದಲೋ ಅಪಘಾತದಿಂದಲೋ ಈ ಅಂಗ ಕಳೆದುಕೊಂಡವರು ನಮ್ಮಲ್ಲೂ ಇದ್ದಾರೆ, ನಾಚಿಕೆಯಿಂದ ಬಾಯಿಬಿಡುವುದಿಲ್ಲ. ಅಂಥವರು ನಿಮ್ಮ ಬಳಗದಲ್ಲಿದ್ದರೆ, ಒಮ್ಮೆ ಪ್ಲಾಸ್ಟಿಕ್ ಸರ್ಜನ್ ಬಳಿ ವಿಚಾರಿಸಲು ದಯವಿಟ್ಟು ಹೇಳಿ.