ಮಗುವಿನ ಎದೆಯ ಎಕ್ಸ್‌ರೇಯಲ್ಲಿ ಬಿಳಿ ಉಂಡೆ ಕಂಡರೆ ಅದು ಕ್ಯಾನ್ಸರ್ ಗೆಡ್ಡೆಯೇ?

ರಾಜಾನುಕುಂಟೆಯಲ್ಲಿ ಮಗುವಿಗೆ ಎಕ್ಸ್‌ರೇ ತೆಗೆಸಿದರೆ, ಡಾಕ್ಟರ್ ನೋಡುವ ಮೊದಲೇ ಅದರ ಫೋಟೊ ಫ್ಯಾಮಿಲಿ ಗ್ರೂಪಿಗೆ ಹೋಗಿರುತ್ತದೆ. ಬಿಳಿ ಉಂಡೆ ಕಂಡರೆ ಒಬ್ಬರು ‘ಕ್ಯಾನ್ಸರ್ ಇರಬಹುದು’ ಎನ್ನುತ್ತಾರೆ, ಇನ್ನೊಬ್ಬರು ‘ಬರೀ ಕಫ, ಕಷಾಯ ಕೊಡಿ’ ಎನ್ನುತ್ತಾರೆ. ಫೋನಿನಲ್ಲಿ ಫೋಟೊ ನೋಡಿ ಇವೆರಡರಲ್ಲಿ ಯಾವುದನ್ನೂ ಹೇಳಲಾಗದು.

ಎಕ್ಸ್‌ರೇಯಲ್ಲಿ ಗಾಳಿ ಕಪ್ಪಗೆ ಕಾಣುತ್ತದೆ. ನೀರು, ಕೀವು, ಗೆಡ್ಡೆ ಎಲ್ಲವೂ ಬೆಳ್ಳಗೇ ಕಾಣುತ್ತವೆ. ಚಿಕ್ಕ ಮಕ್ಕಳಲ್ಲಿ ನ್ಯುಮೋನಿಯಾ ಕೂಡ ಚೆಂಡಿನಂತೆ ಗುಂಡಗೆ ಕಾಣುವುದುಂಟು. ಆಂಟಿಬಯಾಟಿಕ್ ಕೊಟ್ಟರೆ ಕರಗುತ್ತದೆ. ಹಸುಗೂಸಿನ ಎದೆಯ ನಡುವೆ ಬೆಳ್ಳಗೆ ಕಾಣುವುದು ಎಷ್ಟೋ ಸಲ ಥೈಮಸ್ ಗ್ರಂಥಿ, ಅದು ಎಲ್ಲ ಮಕ್ಕಳಲ್ಲೂ ಇರುವಂಥದ್ದು. ನಮ್ಮಲ್ಲಿ ಟಿಬಿಯನ್ನೂ ಮರೆಯುವಂತಿಲ್ಲ. ಶ್ವಾಸಕೋಶದಲ್ಲೇ ಹುಟ್ಟುವ ಗೆಡ್ಡೆ ಮಕ್ಕಳಲ್ಲಿ ತೀರಾ ಅಪರೂಪ.

ಅಪರೂಪ ಎಂದರೆ ಇಲ್ಲವೇ ಇಲ್ಲ ಎಂದಲ್ಲ. ಪ್ಲೂರೋಪಲ್ಮನರಿ ಬ್ಲಾಸ್ಟೋಮಾ ಎಂಬ ಗೆಡ್ಡೆ ಹೆಚ್ಚಾಗಿ ಆರು ವರ್ಷದೊಳಗಿನ ಮಕ್ಕಳಿಗೇ ಬರುತ್ತದೆ. ಕೂಸಿನಲ್ಲಿ ಇದು ಗಾಳಿ ತುಂಬಿದ ಗುಳ್ಳೆಯಾಗಿರುತ್ತದೆ (1ನೇ ವಿಧ). ಆಮೇಲೆ ಗುಳ್ಳೆಯ ಜತೆ ಗಟ್ಟಿ ಭಾಗ ಸೇರಬಹುದು (2ನೇ ವಿಧ), ಪೂರ್ತಿ ಗಟ್ಟಿಯೂ ಆಗಬಹುದು (3ನೇ ವಿಧ). 2015ರಲ್ಲಿ ಪ್ರಕಟವಾದ 350 ರೋಗಿಗಳ ವಿಶ್ಲೇಷಣೆಯ ಪ್ರಕಾರ ಐದು ವರ್ಷದ ನಂತರವೂ ಬದುಕಿದ್ದವರು 1ನೇ ವಿಧದಲ್ಲಿ ಶೇ. 91, 2ರಲ್ಲಿ ಶೇ. 71, 3ರಲ್ಲಿ ಶೇ. 53. ಕಷಾಯ ಕುಡಿಸುತ್ತಾ ತಿಂಗಳುಗಟ್ಟಲೆ ಕಾಯುವುದರ ಅಪಾಯ ಈ ಅಂಕಿಗಳಲ್ಲೇ ಇದೆ.

ಗಟ್ಟಿ ಗೆಡ್ಡೆ ಎದೆಯ ಒಂದು ಪಕ್ಕವನ್ನೇ ತುಂಬಿಕೊಂಡರೆ, ಎಕ್ಸ್‌ರೇಯಲ್ಲಿ ಅದು ಕೀವು ತುಂಬಿದ ಹಾಗೆಯೇ ಕಾಣುತ್ತದೆ. ಇಲ್ಲಿ ನೆರವಾಗುವುದು ಅಲ್ಟ್ರಾಸೌಂಡ್. ಒಳಗಿರುವುದು ದ್ರವವೋ ಗಟ್ಟಿ ಮಾಂಸವೋ ಎಂದು ರೇಡಿಯೇಶನ್ ಇಲ್ಲದೆ, ಮಂಚದ ಪಕ್ಕದಲ್ಲೇ ನೋಡಬಹುದು. ಅನುಮಾನ ಉಳಿದರೆ ಸಿಟಿ ಸ್ಕ್ಯಾನ್. ‘ಸಿಟಿ ಮಾಡಿಸಿದರೆ ಕ್ಯಾನ್ಸರ್ ಬರುತ್ತದೆ’ ಎಂಬ ಮಾತಿನಲ್ಲಿ ಒಂದು ಎಳೆ ನಿಜವಿದೆ: ಎಕ್ಸ್‌ರೇಗಿಂತ ಇದರಲ್ಲಿ ರೇಡಿಯೇಶನ್ ಹೆಚ್ಚು, ಸುಮ್ಮನೆ ಮಾಡಿಸಬಾರದು. ಆದರೆ ಮಕ್ಕಳ ಗಾತ್ರಕ್ಕೆ ತಕ್ಕಂತೆ ಡೋಸ್ ಇಳಿಸುತ್ತಾರೆ. ಗೆಡ್ಡೆಯ ಅನುಮಾನ ಬಲವಾಗಿರುವಾಗ ಹೆದರಿ ಬಿಡುವುದೇ ದೊಡ್ಡ ಅಪಾಯ.

ಇಷ್ಟಾದರೂ ಸಿಟಿಯೇ ಕೊನೆಯ ಮಾತಲ್ಲ. 1ನೇ ವಿಧದ ಗುಳ್ಳೆಯೂ ಹುಟ್ಟಿನಿಂದ ಬಂದ ನಿರುಪದ್ರವಿ ಗುಳ್ಳೆಯೂ ಸ್ಕ್ಯಾನಿನಲ್ಲಿ ಒಂದೇ ಥರ ಕಾಣಬಹುದು. ಗುಳ್ಳೆಗಳು ಎರಡೂ ಕಡೆ ಇದ್ದರೆ, ಶ್ವಾಸಕೋಶದಿಂದ ಗಾಳಿ ಸೋರಿದ್ದರೆ ಅನುಮಾನ ಹೆಚ್ಚುತ್ತದೆ. ಖಚಿತವಾಗುವುದು ಬಯಾಪ್ಸಿಯಲ್ಲಿ, ಅಥವಾ ಆಪರೇಶನ್ ಮಾಡಿ ತೆಗೆದ ತುಣುಕನ್ನು ಪೆಥಾಲಜಿಸ್ಟ್ ಪರೀಕ್ಷಿಸಿದಾಗ. ಈ ಗೆಡ್ಡೆಗೆ ಡೈಸರ್1 ಎಂಬ ಜೀನಿನ ದೋಷದ ನಂಟಿದೆ ಎಂದು 2009ರಲ್ಲಿ ಗೊತ್ತಾಯಿತು. ಮನೆಯಲ್ಲಿ ಯಾರಿಗಾದರೂ ಚಿಕ್ಕ ವಯಸ್ಸಿನಲ್ಲೇ ಥೈರಾಯ್ಡ್ ಗಂಟು, ಶ್ವಾಸಕೋಶದ ಅಥವಾ ಕಿಡ್ನಿಯ ಗುಳ್ಳೆ ಆಗಿದ್ದರೆ ಡಾಕ್ಟರ್ ಕೇಳದಿದ್ದರೂ ಹೇಳಿ.

ನ್ಯುಮೋನಿಯಾ ಎಂದು ಕೊಟ್ಟ ಔಷಧಿ ಮುಗಿದ ಮೇಲೂ ಜ್ವರ, ಕೆಮ್ಮು, ಏದುಸಿರು ಉಳಿದರೆ, ಅಥವಾ ಮತ್ತೆ ತೆಗೆಸಿದ ಎಕ್ಸ್‌ರೇಯಲ್ಲಿ ಬಿಳಿ ಅಲ್ಲೇ ಇದ್ದರೆ ‘ಇದು ಬೇರೇನಾದರೂ ಇರಬಹುದೇ?’ ಎಂದು ಕೇಳಿ. ಸರ್ಕಾರಿ ವ್ಯವಸ್ಥೆಯಲ್ಲಿ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಮತ್ತು ಕಿದ್ವಾಯಿ ಎರಡೂ ಇವೆ. ಯಲಹಂಕ ಕಡೆಯವರಿಗೆ ಊರಿನ ಇನ್ನೊಂದು ತುದಿ, ನಿಜ. ಹೋಗುವಾಗ ಫೋನಿನ ಫೋಟೊ ಸಾಲದು. ಹಳೆಯ ಎಕ್ಸ್‌ರೇ ಫಿಲ್ಮುಗಳನ್ನು ತಾರೀಖಿನ ಸಮೇತ, ಸ್ಕ್ಯಾನ್ ಆಗಿದ್ದರೆ ಅದರ ಸಿಡಿಯನ್ನೂ ಒಯ್ಯಿರಿ. ಬಿಳಿ ಭಾಗ ಕರಗುತ್ತಿದೆಯೋ ಬೆಳೆಯುತ್ತಿದೆಯೋ ಎಂಬುದು ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟಾಗಲೇ ತಿಳಿಯುವುದು.