ಗ್ರಂಥಭಂಡಾರವೂ ವಾಚನಗೋಷ್ಠಿಯೂ

ಪುಸ್ತಕವನ್ನು ಒಬ್ಬನೇ ಮೂಲೆಯಲ್ಲಿ ಕುಳಿತು ಮೌನವಾಗಿ ಓದುವುದು ನಮ್ಮಲ್ಲಿ ಈಚೆಗೆ ಬಂದ ಅಭ್ಯಾಸ. ಹಿಂದಿನವರು ಗ್ರಂಥವನ್ನು ಕೂಡಿ ಓದುತ್ತಿದ್ದರು. ಗಮಕಿಯು ಕುಮಾರವ್ಯಾಸನ ಭಾರತವನ್ನೋ ಲಕ್ಷ್ಮೀಶನ ಜೈಮಿನಿಯನ್ನೋ ರಾಗವಾಗಿ ವಾಚಿಸುವನು. ಬಲ್ಲವರೊಬ್ಬರು ಅರ್ಥವನ್ನು ಹೇಳುವರು. ಅಕ್ಷರವನ್ನರಿಯದವನೂ ಕೇಳಿಯೇ ಕಥೆಯನ್ನೂ ಅದರ ತತ್ತ್ವವನ್ನೂ ತಿಳಿಯುವನು. ಒಂದೇ ಪ್ರತಿಯಿದ್ದರೂ ಊರಿಗೆಲ್ಲ ಸಾಕಾಗುತ್ತಿದ್ದಿತು. ಪಾಠಶಾಲೆಯಲ್ಲಿ ಈ ಲೇಖಕನು ಕಾವ್ಯಪಾಠವನ್ನು ಕೇಳಿದುದೂ ಹೀಗೆಯೇ: ಪುಸ್ತಕವೊಂದು, ಅದರ ಸುತ್ತ ಆರು ತಲೆಗಳು. ಆದರೆ ಒಂದು ಮಾತನ್ನು ಮರೆಮಾಚಲಾಗದು. ಹಿಂದಿನ ಆ ಜಗಲಿಯ ಮೇಲೆ ಎಲ್ಲ ಜಾತಿಯವರಿಗೂ ಸ್ಥಳವಿರಲಿಲ್ಲ; ಸ್ಥಳವಿದ್ದವರಲ್ಲಿಯೂ ಪ್ರಶ್ನೆ ಕೇಳುವ ಸಲಿಗೆ ಕೆಲವರಿಗೇ ಮೀಸಲು.

ಸ್ಥಳ ದೊರೆಯದವರು ತಮ್ಮ ಗೋಷ್ಠಿಯನ್ನು ತಾವೇ ಕಟ್ಟಿಕೊಂಡ ವೃತ್ತಾಂತವು ನಮ್ಮ ಚಿನ್ನದ ಗಣಿಗಳ ಸೀಮೆಯಲ್ಲಿಯೇ ನಡೆಯಿತು. 1880ರಲ್ಲಿ ಜಾನ್ ಟೇಲರ್ ಕಂಪೆನಿಯವರು ಗಣಿಗೆಲಸವನ್ನು ಕೈಕೊಂಡ ಮೇಲೆ ತಮಿಳುಸೀಮೆಯಿಂದ ಸಾವಿರಾರು ಕೂಲಿಕಾರರು ಇಲ್ಲಿಗೆ ಬಂದು ನೆಲಸಿದರು. ಅವರಲ್ಲಿ ಬಹುಮಂದಿ, ಅಸ್ಪೃಶ್ಯರೆಂದು ಸಮಾಜವು ದೂರವಿರಿಸಿದ್ದ ಜನ. ಮದರಾಸಿನಲ್ಲಿ ಪಂಡಿತ ಅಯೋತಿ ದಾಸರು 1898ರಲ್ಲಿ ಶಾಕ್ಯ ಬೌದ್ಧ ಸಂಘವನ್ನು ಸ್ಥಾಪಿಸಿ, 1907ರಲ್ಲಿ ಒಂದು ಪೈಸೆ ಬೆಲೆಯ ತಮಿಳು ವಾರಪತ್ರಿಕೆಯೊಂದನ್ನು ಹೊರಡಿಸಿದರು. ಮಾರಿಕುಪ್ಪದಲ್ಲಿ ಆ ಸಂಘದ ಶಾಖೆಯೊಂದು ಬೇರೂರಿತು. ಗಣಿಯಾಳುಗಳು ಆ ಪತ್ರಿಕೆಗೆ ವಾಚಕರಾದರು. 1914ರಲ್ಲಿ ಪಂಡಿತರು ಕಾಲವಾದ ಬಳಿಕ ನಿಂತುಹೋಗಿದ್ದ ಆ ‘ತಮಿಳನ್’ ಪತ್ರಿಕೆಯನ್ನು 1926ರಲ್ಲಿ ಜಿ. ಅಪ್ಪಾದುರೈಯವರು ಪುನಃ ಆರಂಭಿಸಿದುದು ಮದರಾಸಿನಲ್ಲಲ್ಲ, ನಮ್ಮ ಚಾಂಪಿಯನ್ ರೀಫಿನಲ್ಲಿ! ಅಲ್ಲಿಯ ಸಿದ್ಧಾರ್ಥ ಪುಸ್ತಕಶಾಲೆಯು ಪಂಡಿತರ ಗ್ರಂಥಗಳನ್ನು ಪ್ರಕಟಿಸಿತು. ನೆಲದೊಳಗೆ ಸಹಸ್ರಾರು ಅಡಿ ಇಳಿದು ಬಂಡೆಯನ್ನು ಒಡೆಯುತ್ತಿದ್ದವರ ನಡುವೆ ಗ್ರಂಥ, ಪತ್ರಿಕೆ, ಸಂಘ ಈ ಮೂರೂ ಒಂದಾಗಿ ನಿಂತುವು. ಜಾತಿಯ ವಿಷಯವಾಗಿ ತಮಗೆ ಹೇಳಿಕೊಟ್ಟುದನ್ನು ಸಂದೇಹಿಸಿ ಪ್ರಶ್ನಿಸುವ ಧೈರ್ಯವು ಅವರಿಗೆ ಬಂದುದರಲ್ಲಿ ಈ ಓದಿನ ಪಾಲು ಸಣ್ಣದಲ್ಲ.

ಇದೇ ಜಿಲ್ಲೆಯ ಮುಳಬಾಗಿಲಿನಲ್ಲಿ 1887ರಲ್ಲಿ ಜನಿಸಿದ ಡಿ. ವಿ. ಗುಂಡಪ್ಪನವರು ಬೇರೊಂದು ದಾರಿಯಿಂದ ಇದೇ ನೆಲೆಯನ್ನು ಮುಟ್ಟಿದರು. ಅವರು 1945ರಲ್ಲಿ ಬೆಂಗಳೂರಿನಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಸ್ಥಾಪಿಸಿದರು. ಪ್ರಜೆಯು ಮತವನ್ನು ಕೊಡುವುದಕ್ಕೆ ಮೊದಲು ವಿಷಯವನ್ನು ತಿಳಿದಿರಬೇಕೆಂಬುದು ಅವರ ಮತ. ಆದುದರಿಂದಲೇ ಆ ಸಂಸ್ಥೆಯಲ್ಲಿ ಗ್ರಂಥಭಂಡಾರವೂ ಅಧ್ಯಯನಗೋಷ್ಠಿಯೂ ಒಂದೇ ಸೂರಿನ ಕೆಳಗೆ ಬಂದುವು. ಅಲ್ಲಿಯ ಗೋಷ್ಠಿಯಲ್ಲಿ ಅವರು ಮಾಡಿದ ಗೀತಾಪ್ರವಚನಗಳೇ ‘ಜೀವನಧರ್ಮಯೋಗ’ವೆಂಬ ಗ್ರಂಥವಾಗಿ ಪರಿಣಮಿಸಿ 1967ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯನ್ನು ಪಡೆದುವು. ಗ್ರಂಥವು ಗೋಷ್ಠಿಯನ್ನು ಹುಟ್ಟಿಸಿತು. ಗೋಷ್ಠಿಯು ಗ್ರಂಥವನ್ನು ಹೆತ್ತಿತು. ಬೀಜವೃಕ್ಷನ್ಯಾಯಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕೆ?

ಈಗ ನಮ್ಮ ಬಂಗಾರಪೇಟೆಯ ಮಾತು. ಒಂದು ತಪ್ಪೊಪ್ಪಿಗೆಯಿಂದ ಆರಂಭಿಸುವೆನು. ಕೆಲಸದಿಂದ ನಿವೃತ್ತನಾದ ವರ್ಷ ಈ ಲೇಖಕನೂ ನೆರೆಯ ಕೆಲವರೂ ಮನೆಯೊಂದರಲ್ಲಿ ವಾಚನಗೋಷ್ಠಿಯನ್ನು ಆರಂಭಿಸಿದೆವು. ಒಬ್ಬೊಬ್ಬರು ಒಂದೊಂದು ಪುಸ್ತಕವನ್ನು ಹೊಗಳಿದರು. ಇನ್ನೊಬ್ಬರು ಅದನ್ನು ಓದಿರಲಿಲ್ಲ, ಓದೋಣವೆಂದರೆ ಪ್ರತಿಯೂ ಇರಲಿಲ್ಲ. ನಾಲ್ಕು ತಿಂಗಳಲ್ಲಿ ಗೋಷ್ಠಿಯು ಕಾಫಿಯ ಸೇವನೆಗೆ ಇಳಿದು, ಆಮೇಲೆ ಅದೂ ನಿಂತಿತು. ಗ್ರಂಥಾಲಯದ ನೆರವನ್ನು ಕೇಳಬೇಕೆಂಬ ಬುದ್ಧಿ ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ. ಕೇಳುವುದಕ್ಕೆ ಸಂಕೋಚವೇಕೆ? 1965ರ ಸಾರ್ವಜನಿಕ ಗ್ರಂಥಾಲಯಗಳ ಕಾನೂನಿನ ಪ್ರಕಾರ ಮನೆಕಂದಾಯದೊಡನೆ ಗ್ರಂಥಾಲಯದ ಕರವೂ ಸೇರಿದೆ. ಅಂದರೆ ಮನೆಯುಳ್ಳ ಪ್ರತಿಯೊಬ್ಬನೂ ಚಂದಾ ಕಟ್ಟಿಯೂ ಪುಸ್ತಕವನ್ನು ತಾರದೆ ಇರುವವನು!

ಅನುಭವದಿಂದ ಕಲಿತುದನ್ನು ಸಂಕ್ಷೇಪವಾಗಿ ಅರಿಕೆ ಮಾಡುವೆನು. ತಿಂಗಳಿಗೊಂದೇ ಗ್ರಂಥ ಸಾಕು. ಗ್ರಂಥಪಾಲಕರನ್ನು ಮೊದಲೇ ಕಂಡು, ಹಲವು ಪ್ರತಿಗಳಿರುವ ಗ್ರಂಥವನ್ನೇ ಆರಿಸಿಕೊಳ್ಳಬೇಕು. ಒಂದೇ ಪ್ರತಿಯಿದ್ದರೆ ಹಿಂದಿನವರಂತೆ ಒಬ್ಬರು ಓದಲಿ, ಉಳಿದವರು ಕೇಳಲಿ. ರೈಲಿನಲ್ಲಿ ದಿನವೂ ಬೆಂಗಳೂರಿಗೆ ಹೋಗಿಬರುವ ತರುಣರಿಗೂ, ಮನೆಗೆಲಸದ ಹೊರೆಯುಳ್ಳ ಸ್ತ್ರೀಯರಿಗೂ ಅನುಕೂಲವಾದ ಹೊತ್ತನ್ನು ಅವರನ್ನೇ ಕೇಳಿ ಗೊತ್ತುಮಾಡಬೇಕು. ಕನ್ನಡ, ತೆಲುಗು, ತಮಿಳು, ಉರ್ದು ಒಂದೇ ಬೀದಿಯಲ್ಲಿ ಕೇಳಿಬರುವ ಊರು ನಮ್ಮದು. ಆದುದರಿಂದ ಆಗಾಗ ನೆರೆಯ ಭಾಷೆಯ ಗ್ರಂಥವೊಂದನ್ನು ಕನ್ನಡ ಅನುವಾದದಲ್ಲಿ ಓದಿ, ಮೂಲವನ್ನು ಬಲ್ಲವರ ಬಾಯಿಂದ ಅದರ ಸ್ವಾರಸ್ಯವನ್ನು ಕೇಳಬೇಕು. ಎಲ್ಲಕ್ಕಿಂತ ಮುಖ್ಯವಾದುದು, ಗೋಷ್ಠಿಯಲ್ಲಿ ಯಾರ ಪ್ರಶ್ನೆಯೂ ಸಣ್ಣದಾಗಬಾರದು. ಹಳೆಯ ಜಗಲಿಯ ದೋಷವು ಹೊಸ ಕೋಣೆಯಲ್ಲಿ ಮರುಕಳಿಸಿದರೆ ನಾವು ಓದಿದುದು ವ್ಯರ್ಥ.

2001ರಲ್ಲಿ ಗಣಿಗಳನ್ನು ಮುಚ್ಚಿದರು. ಕೆಲಸ ಹೋಯಿತು; ಕೂಡುವ ಸ್ಥಳಗಳೂ ಅದರೊಡನೆ ಕಡಮೆಯಾದುವು. ಗಣಿಯನ್ನು ತೆರೆಯುವುದು ನಮ್ಮ ಕೈಯಲ್ಲಿಲ್ಲ. ಗ್ರಂಥಾಲಯದ ಮೇಜಿನ ಸುತ್ತ ಕೂಡುವುದು ನಮ್ಮ ಕೈಯಲ್ಲಿದೆ. ಆರಂಭಕ್ಕೆ ಐವರು ಸಾಕು. ಈ ಲೇಖಕನನ್ನು ಸೇರಿಸಿಕೊಂಡರೆ ಇನ್ನು ನಾಲ್ವರೇ ಬೇಕಾದುದು.